ಹಣ ಕಟ್ಟಿ ತೆಗೆದುಕೊಂಡ ಇಮೇಲ್ ತಂತ್ರಾಂಶದಿಂದ ಹೆಚ್ಚು ಕೆಲಸ ತೆಗೆಯುವುದು ಹೇಗೆ?

ಸಸಿಮಡಿ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮದೊಂದು ನರ್ಸರಿ ಇದೆ. ಅಡಿಕೆ, ತೆಂಗು, ಕಾಳುಮೆಣಸಿನ ಸಸಿಗಳು, ಜೊತೆಗೆ ಒಂದಿಷ್ಟು ಹಣ್ಣಿನ ಗಿಡಗಳು. ಗಿರಾಕಿಗಳಿಗೆ ಪತ್ರ ಕಳುಹಿಸಲು ಒಂದು ಇಮೇಲ್ ಮಾರ್ಕೆಟಿಂಗ್ ತಂತ್ರಾಂಶಕ್ಕೆ ತಿಂಗಳ ಚಂದಾ ಕಟ್ಟುತ್ತಿದ್ದೇವೆ. ಕಂಪೆನಿಯ ಹೆಸರು ಇಲ್ಲಿ ಬೇಡ.

ಪಟ್ಟಿಯಲ್ಲಿ ಸುಮಾರು ನಾಲ್ಕು ಸಾವಿರ ವಿಳಾಸಗಳಿವೆ. ನರ್ಸರಿಗೆ ಬಂದು ಬಿಲ್ಲು ಮಾಡಿಸಿದವರು, ಕೃಷಿಮೇಳದ ಮಳಿಗೆಯಲ್ಲಿ ಪುಸ್ತಕದಲ್ಲಿ ಬರೆದುಹೋದವರು, ಪರಿಚಯದವರೊಬ್ಬರು ಕೊಟ್ಟ ಎಕ್ಸೆಲ್ ಕಡತದವರು, ಎಲ್ಲರೂ ಅದರಲ್ಲೇ. ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲಿ ‘ಸಸಿ ಸಿದ್ಧವಾಗಿದೆ’ ಎಂದು ಎಲ್ಲರಿಗೂ ಒಂದು ಪತ್ರ ಹೋಗುತ್ತದೆ. ವಿಷುವಿಗೊಂದು, ದೀಪಾವಳಿಗೊಂದು ಶುಭಾಶಯ. ಬುಕಿಂಗ್ ಬರುವುದು ಮಾತ್ರ ಬೆರಳೆಣಿಕೆಯಷ್ಟು. ಫೋನ್ ಮಾಡಿ ಕೇಳಿದರೆ ‘ಸ್ಪ್ಯಾಮ್‌ನಲ್ಲಿ ಬಿದ್ದಿತ್ತು’ ಎನ್ನುವವರೇ ಹೆಚ್ಚು.

ತಂತ್ರಾಂಶದಲ್ಲಿ ನೂರಾರು ಬಣ್ಣದ ವಿನ್ಯಾಸಗಳಿವೆ, ಪತ್ರವನ್ನು ತಾನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಗುಂಡಿಯೂ ಇದೆ. ಇವುಗಳಲ್ಲಿ ಯಾವುದನ್ನು ಬಳಸಿದರೆ ಪ್ರಯೋಜನ? ಅಥವಾ ಬೇರೆ ಕಂಪೆನಿಗೆ ಹೋಗುವುದೇ ಒಳ್ಳೆಯದೇ?

ನೀರ್ಚಾಲು ನೆಟ್

ಉತ್ತರ ಹೇಳುವ ಮೊದಲು ಕೆಲವು ವಿಷಯ ತಿಳಿಯಬೇಕು. ಪತ್ರ ಯಾವ ವಿಳಾಸದಿಂದ ಹೋಗುತ್ತದೆ, ಜಿಮೇಲ್‌ನದ್ದೋ ಸ್ವಂತ ಡೊಮೇನಿನದ್ದೋ? ತಂತ್ರಾಂಶದ ವರದಿಯಲ್ಲಿ ‘ಬೌನ್ಸ್’ (ತಲುಪದೆ ಹಿಂದಿರುಗಿದ ಪತ್ರಗಳು) ಎಂಬ ಪುಟದಲ್ಲಿ ಎಷ್ಟು ಕಾಣಿಸುತ್ತದೆ? ಪತ್ರದೊಳಗೆ ಅಕ್ಷರ ಇದೆಯೇ, ಪೋಸ್ಟರ್ ಅಂಟಿಸಿದ್ದೇ?

ಸಸಿಮಡಿ, ಬದಿಯಡ್ಕ

ಜಿಮೇಲ್ ವಿಳಾಸವೇ, ಎಲ್ಲರಿಗೂ ಗೊತ್ತಿರುವುದು ಅದು. ಅಣ್ಣನ ಮಗ ಮಾಡಿಕೊಟ್ಟ ಜಾಲತಾಣವಿದೆ, ಹಾಗಾಗಿ ಸ್ವಂತ ಡೊಮೇನ್ ಇದೆ. ಅದರ ಹೆಸರಿನಲ್ಲಿ ಇಮೇಲ್ ವಿಳಾಸ ಮಾಡಿಸಿಲ್ಲ. ಬೌನ್ಸ್ ಪುಟದಲ್ಲಿ ನಾನೂರರ ಮೇಲಿದೆ. ಪತ್ರ ಎಂದರೆ ಪೋಸ್ಟರೇ. ಡಿಟಿಪಿಯವರು ಮಾಡಿಕೊಟ್ಟ ಚಿತ್ರ.

ಕುಂಬಳೆ ಸ್ಟೋರ್ಸ್

ಇಷ್ಟೆಲ್ಲ ಯಾಕೆ? ನಮ್ಮ ಕಡೆ ಇಮೇಲ್ ತೆರೆಯುವವರು ಯಾರು? ಬ್ಯಾಂಕಿನ ಒಟಿಪಿ ಬಂತೇ ಎಂದು ನೋಡುವುದಕ್ಕೆ ಮಾತ್ರ. ವಾಟ್ಸಪ್‌ನಲ್ಲಿ ಹಾಕಿದರೆ ಸಂಜೆಯೊಳಗೆ ಉತ್ತರ ಬರುತ್ತದೆ.

ನೀರ್ಚಾಲು ನೆಟ್

ಕುಂಬಳೆಯವರ ಮಾತಿಗೆ ಆಮೇಲೆ ಬರುತ್ತೇನೆ, ಅದರಲ್ಲಿ ಅರ್ಧ ಸತ್ಯವಿದೆ.

ಸಸಿಮಡಿಯವರೇ, ಕಂಪೆನಿ ಬದಲಿಸುವ ಯೋಚನೆ ಸದ್ಯಕ್ಕೆ ಬಿಟ್ಟುಬಿಡಿ. ಇದೇ ಪಟ್ಟಿ, ಇದೇ ವಿಳಾಸ, ಇದೇ ಪೋಸ್ಟರನ್ನು ಹೊತ್ತುಕೊಂಡು ಎಲ್ಲಿಗೆ ಹೋದರೂ ಫಲ ಇಷ್ಟೇ. ನೀವು ಕಟ್ಟುತ್ತಿರುವ ಚಂದಾಕ್ಕೆ ಬೆಲೆ ಬರುವುದು ಬಣ್ಣದ ವಿನ್ಯಾಸಗಳಿಂದಲ್ಲ. ಸೆಟ್ಟಿಂಗ್ಸ್ ಒಳಗೆ ಯಾರೂ ತೆರೆಯದ ಮೂರು ನಾಲ್ಕು ಬೇಸರದ ಪುಟಗಳಿರುತ್ತವೆ, ಅವುಗಳಿಂದ.

ಮೊದಲನೆಯದು ಡೊಮೇನ್ ದೃಢೀಕರಣ. ಈಗ ನಿಮ್ಮ ಪತ್ರದ ಮೇಲೆ ಕಳುಹಿಸಿದವರ ಜಾಗದಲ್ಲಿ ಜಿಮೇಲ್ ವಿಳಾಸವಿದೆ, ಪತ್ರ ಹೊರಟದ್ದು ತಂತ್ರಾಂಶ ಕಂಪೆನಿಯ ಸರ್ವರಿನಿಂದ. ಪಡೆಯುವ ಕಡೆಯ ಯಂತ್ರಕ್ಕೆ ಇದು ಕಳ್ಳಪತ್ರದ ಲಕ್ಷಣ. ಜಿಮೇಲ್ ವಿಳಾಸವನ್ನು ಹೀಗೆ ಹಾಕಬೇಡಿ ಎಂದು ಗೂಗಲ್ ತನ್ನ ನಿಯಮಗಳಲ್ಲೇ ಬರೆದಿದೆ. ಯಾಹೂ ಅಂತೂ ತನ್ನ ವಿಳಾಸ ಹೊತ್ತು ಬೇರೆ ಕಡೆಯಿಂದ ಬರುವ ಪತ್ರಗಳನ್ನು ತಿರಸ್ಕರಿಸಿ ಎಂಬ ನೀತಿಯನ್ನು 2014ರಲ್ಲೇ ತಂದಿತ್ತು.

ನಿಮ್ಮ ಡೊಮೇನಿನ ಹೆಸರಿನಲ್ಲಿ ಒಂದು ವಿಳಾಸ ಮಾಡಿಸಿ. ಬಳಿಕ ಡೊಮೇನಿನ ಡಿಎನ್‌ಎಸ್ ಪುಟದಲ್ಲಿ (ಡೊಮೇನಿನ ವಿವರ ದಾಖಲಿಸುವ ಪುಟ) ಮೂರು ದಾಖಲೆಗಳು ಬೇಕು. ಎಸ್‌ಪಿಎಫ್ ಎಂದರೆ ಈ ಡೊಮೇನಿನ ಪರವಾಗಿ ಪತ್ರ ಕಳುಹಿಸಲು ಯಾವ ಸರ್ವರುಗಳಿಗೆ ಅನುಮತಿ ಇದೆ ಎಂಬ ಪಟ್ಟಿ. ಡಿಕೆಐಎಂ ಪ್ರತಿ ಪತ್ರಕ್ಕೂ ಬೀಳುವ ಅರಗಿನ ಮುದ್ರೆ ಇದ್ದಂತೆ. ದಾರಿಯಲ್ಲಿ ಯಾರಾದರೂ ಒಳಗಿನ ಒಕ್ಕಣೆ ತಿದ್ದಿದರೆ ಮುದ್ರೆ ಹೊಂದುವುದಿಲ್ಲ. ಇವೆರಡೂ ಹೊಂದದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. ಅದರಲ್ಲಿ ‘ನನ್’ (ಏನೂ ಮಾಡಬೇಡ), ‘ಕ್ವಾರಂಟೈನ್’ (ಸ್ಪ್ಯಾಮ್‌ಗೆ ಹಾಕು), ‘ರಿಜೆಕ್ಟ್’ (ತಿರಸ್ಕರಿಸು) ಎಂಬ ಮೂರು ಹಂತಗಳಿವೆ. ಆರಂಭಕ್ಕೆ ‘ನನ್’ ಸಾಕು.

ಇದು ಐಚ್ಛಿಕ ಅಲಂಕಾರವಲ್ಲ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳುಹಿಸುವವರಿಗೆ ಮೂರೂ ಕಡ್ಡಾಯ, ಒಂದೇ ಒತ್ತಿನಲ್ಲಿ ಪಟ್ಟಿಯಿಂದ ಹೊರಹೋಗುವ ಗುಂಡಿಯೂ ಕಡ್ಡಾಯ. ಹೊರಹೋಗಲು ಕೇಳಿದವರನ್ನು ಎರಡು ದಿನದೊಳಗೆ ತೆಗೆಯಬೇಕು. ಮೈಕ್ರೋಸಾಫ್ಟ್ ತನ್ನ ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೂ ಇಂಥದೇ ದೃಢೀಕರಣದ ನಿಯಮವನ್ನು 2025ರ ಮೇಯಲ್ಲಿ ತಂದಿತು. ‘ನಾವು ಅಷ್ಟು ಕಳುಹಿಸುವುದಿಲ್ಲವಲ್ಲ’ ಎಂದೀರಿ. ಕಡಿಮೆ ಕಳುಹಿಸುವವರಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಒಂದಾದರೂ ಇರಬೇಕೆಂದು ಗೂಗಲ್ ಹೇಳುತ್ತದೆ. ಮಾಡುವುದಾದರೆ ಮೂರನ್ನೂ ಮಾಡಿ ಮುಗಿಸಿ.

ಎರಡನೆಯದು, ಆ ಎಕ್ಸೆಲ್ ಕಡತ. ಅದರಲ್ಲಿ ಬಂದವರನ್ನೆಲ್ಲ ಇವತ್ತೇ ಅಳಿಸಿ. ಅವರು ನಿಮ್ಮನ್ನು ಕೇಳಿದವರಲ್ಲ.

ವರ್ಕಾಡಿ ಮಾಸ್ಟರ್

ನಾನು ವ್ಯಾಪಾರಿಯಲ್ಲ, ನಿವೃತ್ತ ಅಧ್ಯಾಪಕ. ಇಂಥ ಪತ್ರಗಳು ಬಂದು ಬೀಳುವ ಕಡೆಯವನು. ಯಾರ ಬಳಿಯೂ ವಿಳಾಸ ಕೊಟ್ಟ ನೆನಪಿಲ್ಲ, ಆದರೂ ದಿನ ಬೆಳಗಾದರೆ ಪೀಠೋಪಕರಣ, ಸಾಲ, ಪ್ರವಾಸ. ಹೊರಹೋಗುವ ಕೊಂಡಿ ಎಲ್ಲಿದೆ ಎಂದು ಸೂಕ್ಷ್ಮದರ್ಶಕ ಹಿಡಿದು ಹುಡುಕಬೇಕು. ನನಗೆ ಅಷ್ಟು ವ್ಯವಧಾನವಿಲ್ಲ, ನೇರವಾಗಿ ‘ಸ್ಪ್ಯಾಮ್’ ಒತ್ತುತ್ತೇನೆ.

ನೀರ್ಚಾಲು ನೆಟ್

ಮಾಷ್ಟ್ರೇ, ನೀವು ಒತ್ತುವ ಆ ಗುಂಡಿಯ ತೂಕ ಎಷ್ಟೆಂದು ಹೇಳುತ್ತೇನೆ. ಸ್ಪ್ಯಾಮ್ ದೂರು ಶೇಕಡಾ 0.1ರ ಒಳಗಿರಬೇಕು, 0.3ನ್ನು ಎಂದೂ ಮುಟ್ಟಬಾರದು ಎಂಬುದು ಗೂಗಲ್ ಹಾಕಿದ ಗೆರೆ. ಅಂದರೆ ಸಾವಿರ ಮಂದಿಯ ಇನ್‌ಬಾಕ್ಸ್ ತಲುಪಿದ ಪತ್ರಕ್ಕೆ ನಿಮ್ಮಂಥ ಮೂವರು ಸಿಕ್ಕಿದರೆ ಕಳುಹಿಸಿದವರ ಕಥೆ ಮುಗಿಯಿತು. ಮುಂದಿನ ಸಲ, ಕೇಳಿ ಪಡೆದವರಿಗೂ ಆ ಪತ್ರ ಸ್ಪ್ಯಾಮ್ ಡಬ್ಬಿಯಲ್ಲೇ ಬೀಳಬಹುದು.

ಆದ್ದರಿಂದ ಸಸಿಮಡಿಯವರೇ, ಹೊರಹೋಗುವ ಕೊಂಡಿಯನ್ನು ಬೂದು ಬಣ್ಣದ ಸಣ್ಣಕ್ಷರದಲ್ಲಿ ಅಡಗಿಸಬೇಡಿ. ಪತ್ರದ ಮೇಲ್ಭಾಗದಲ್ಲೇ ಇಟ್ಟರೂ ನಷ್ಟವಿಲ್ಲ. ಹೋಗುವವರು ಹೋಗಲಿ. ನಿಮ್ಮ ಚಂದಾ ವಿಳಾಸಗಳ ಲೆಕ್ಕದಲ್ಲಿದ್ದರೆ ಅದೂ ಇಳಿಯುತ್ತದೆ.

ಉಪ್ಪಳ ಮುದ್ರಣ

ಪೋಸ್ಟರ್ ವಿಷಯದಲ್ಲಿ ನಾನು ಹೇಳಬೇಕು, ಯಾಕೆಂದರೆ ಅಂಥದ್ದನ್ನು ಮಾಡಿಕೊಡುವವರಲ್ಲಿ ನಾನೂ ಒಬ್ಬ.

ಗಿರಾಕಿಗಳು ಕಾಗದದ ಕರಪತ್ರಕ್ಕೆಂದು ಕೋರಲ್ ಡ್ರಾದಲ್ಲಿ ಮಾಡಿಸಿದ್ದನ್ನೇ ಇಮೇಲಿಗೂ ಬಳಸುತ್ತಾರೆ. ಅದರೊಳಗಿನ ಅಕ್ಷರ ನುಡಿ ಅಥವಾ ಶ್ರೀಲಿಪಿಯ ಹಳೆಯ ಫಾಂಟಿನದ್ದು, ಎಲ್ಲ ಯಂತ್ರಗಳಲ್ಲೂ ಓದಬರುವ ಯೂನಿಕೋಡ್ ಅಲ್ಲ. ಅದನ್ನು ನಕಲು ಮಾಡಿ ಇಮೇಲಿನ ಪೆಟ್ಟಿಗೆಯಲ್ಲಿ ಅಂಟಿಸಿದರೆ ರೋಮನ್ ಅಕ್ಷರಗಳ, ಡಿಗ್ರಿ ಚಿಹ್ನೆಗಳ ಗೋಜಲು ಕಾಣಿಸುತ್ತದೆ. ಆ ತಲೆನೋವು ಬೇಡವೆಂದು ಎಲ್ಲರೂ ಚಿತ್ರ ಮಾಡಿ ಅಂಟಿಸುವುದು. ಪರಿವರ್ತಕ ತಂತ್ರಾಂಶಗಳಿವೆ. ನುಡಿಯಿಂದ ಯೂನಿಕೋಡ್‌ಗೆ ಒಂದು ಪುಟ ಬದಲಾಯಿಸಲು ನಿಮಿಷ ಸಾಕು, ಆದರೆ ಒತ್ತಕ್ಷರ, ಅರ್ಕಾವೊತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಲೇಬೇಕು. ‘ವರ್ಷ’ ‘ಕಾರ್ಯ’ ಇಂಥಲ್ಲೇ ಕೆಡುವುದು.

ಇನ್ನೊಂದು ಮಾತು. ಇಮೇಲಿಗೆ ಅಲಂಕಾರದ ಕನ್ನಡ ಫಾಂಟ್ ಹುಡುಕಬೇಡಿ. ಜಿಮೇಲ್ ಹೊರಗಿನ ಫಾಂಟನ್ನು ಎತ್ತಿಕೊಳ್ಳುವುದಿಲ್ಲ. ಓದುವವರ ಯಂತ್ರದಲ್ಲಿ ಇದ್ದದ್ದೇ ಬರುತ್ತದೆ: ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲಿ ನಿರ್ಮಲಾ ಅಥವಾ ಹಳೆಯ ತುಂಗಾ, ಆಪಲ್‌ನಲ್ಲಿ ಕನ್ನಡ ಸಂಗಮ್. ನಿಮ್ಮ ಕೈಯಲ್ಲಿರುವುದು ಅಕ್ಷರದ ಗಾತ್ರ ಮತ್ತು ಸಾಲುಗಳ ನಡುವಿನ ಅಂತರ ಮಾತ್ರ. ತಂತ್ರಾಂಶಗಳ ಮಾದರಿ ವಿನ್ಯಾಸಗಳೆಲ್ಲ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಹೊಲಿದವು. ಅದೇ ಅಂತರದಲ್ಲಿ ಕನ್ನಡ ತುಂಬಿದರೆ ‘ಸ್ತ್ರೀ’, ‘ರಾಷ್ಟ್ರ’ಗಳ ಕೆಳಗಿನ ಒತ್ತು ಕೆಳಸಾಲಿನ ಗುಣಿಸಿಗೆ ತಾಗುತ್ತದೆ, ಗುಂಡಿಯೊಳಗೆ ಬರೆದರೆ ಕತ್ತರಿಸಿಯೇ ಹೋಗುತ್ತದೆ. ಅಂತರವನ್ನು 1.6ಕ್ಕೋ 1.7ಕ್ಕೋ ಏರಿಸಿ, ಅಕ್ಷರವನ್ನು 16ಕ್ಕಿಂತ ಇಳಿಸಬೇಡಿ.

ಮುಂಬಯಿವಾಸಿ, ಮಂಜೇಶ್ವರ

ಕುಂಬಳೆಯವರು ಕೇಳಿದರಲ್ಲ, ಇಮೇಲ್ ತೆರೆಯುವವರು ಯಾರು ಎಂದು. ನಾನು ತೆರೆಯುತ್ತೇನೆ. ತೋಟ ಮಂಜೇಶ್ವರದಲ್ಲಿ, ಕೆಲಸ ಮುಂಬಯಿಯಲ್ಲಿ. ತೋಟಕ್ಕೆ ಏನು ತರಿಸಬೇಕು ಎಂಬುದನ್ನು ಭಾನುವಾರ ಕುಳಿತು ನೋಡುವವನು ನಾನು, ದುಡ್ಡು ಕಳುಹಿಸುವವನೂ ನಾನು. ವಾಟ್ಸಪ್‌ನಲ್ಲಿ ಸಂಸಾರದ ಗುಂಪು, ಜಾತ್ರೆಯ ಗುಂಪು, ಯಕ್ಷಗಾನದ ಗುಂಪುಗಳ ಅಡಿಯಲ್ಲಿ ನರ್ಸರಿಯ ಸಂದೇಶ ಹುಗಿದುಹೋಗುತ್ತದೆ. ಇಮೇಲ್ ಅಲ್ಲಿಯೇ ಇರುತ್ತದೆ, ಬೇಕಾದಾಗ ಹುಡುಕಿ ತೆಗೆಯಬಹುದು.

ಅಥವಾ ತೆಗೆಯಬಹುದಾಗಿತ್ತು. ಊರಿನ ಒಂದು ನರ್ಸರಿಯಿಂದ ಪತ್ರ ಬಂದಿತ್ತು ಎಂದು ಗೊತ್ತು, ‘ಪನ್ನಿಯೂರು’ ಎಂದು ಮೆಣಸಿನ ತಳಿಯ ಹೆಸರು ಹಾಕಿ ಹುಡುಕಿದರೆ ಸಿಗುವುದಿಲ್ಲ. ಯಾಕೆಂದರೆ ಎಲ್ಲ ಚಿತ್ರದೊಳಗೆ! ಜೊತೆಗೆ ದರ ಹಾಕುವುದಿಲ್ಲ, ‘ಸಂಪರ್ಕಿಸಿ’ ಎಂದು ಬರೆದಿರುತ್ತಾರೆ. ನನಗೆ ಬೇಕಾದದ್ದು ಇಷ್ಟೇ: ಯಾವ ತಳಿ, ಎಷ್ಟು ವಯಸ್ಸಿನ ಸಸಿ, ಒಂದಕ್ಕೆ ಎಷ್ಟು, ಮಂಜೇಶ್ವರಕ್ಕೆ ತಂದು ಹಾಕುತ್ತೀರಾ, ಗುಂಡಿ ತೋಡಿ ನೆಡುವ ಜನ ನಿಮ್ಮಲ್ಲೇ ಸಿಗುತ್ತಾರಾ. ಈ ಐದು ಸಾಲು ಬರೆದ ಪತ್ರ ನನಗೆ ಇಂದಿನವರೆಗೆ ಬಂದಿಲ್ಲ.

ಕುಂಬಳೆ ಸ್ಟೋರ್ಸ್

ನಿಮ್ಮಂಥವರು ಪಟ್ಟಿಯಲ್ಲಿ ಎಷ್ಟು ಮಂದಿ ಇರಬಹುದು? ಉಳಿದವರು ಬದಿಯಡ್ಕ ಪೇಟೆಗೆ ವಾರಕ್ಕೊಮ್ಮೆ ಬರುವವರೇ.

ನೀರ್ಚಾಲು ನೆಟ್

ಅದು ನ್ಯಾಯವಾದ ಪ್ರಶ್ನೆ. ಪೇಟೆಗೆ ಬರುವವರಿಗೆ ಇಮೇಲ್ ಬೇಡವೇ ಬೇಡ. ಅವರಿಗೆ ಕೃಷಿಭವನದ ಮುಂದಿನ ಮಾತುಕತೆಯೇ ಜಾಹೀರಾತು, ಬೇಕಿದ್ದರೆ ವಾಟ್ಸಪ್ ಸಾಕು. ಆದರೆ ವಾಟ್ಸಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯ ಮಿತಿ ಇದೆ, ನಿಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕಿಂತ ಮೇಲೆ ಹೋದರೆ ವ್ಯಾಪಾರಿಗಳಿಗೆಂದೇ ಇರುವ ಎಪಿಐ ಸೇವೆ ತೆಗೆದುಕೊಂಡು ಜಾಹೀರಾತು ಸಂದೇಶಕ್ಕೆ ತಲೆಗಿಷ್ಟು ಎಂದು ಕೊಡಬೇಕು.

ಇಮೇಲಿಗೆ ಯೋಗ್ಯರಾದವರು ಹೊರಗಿರುವ ತೋಟದ ಯಜಮಾನರು. ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳು. ನಾಲ್ಕು ಸಾವಿರದಲ್ಲಿ ಅವರು ಆರುನೂರೇ ಇರಲಿ, ನೀವು ಚಂದಾ ಕಟ್ಟುವುದು ಆ ಆರುನೂರಕ್ಕೆ. ಅವರನ್ನು ಬೇರ್ಪಡಿಸುವ ಸಾಧನ ನಿಮ್ಮ ತಂತ್ರಾಂಶದಲ್ಲಿ ಈಗಾಗಲೇ ಇದೆ, ಟ್ಯಾಗ್ ಎಂದೋ ಸೆಗ್ಮೆಂಟ್ ಎಂದೋ ಕರೆದಿರುತ್ತಾರೆ. ಬಿಲ್ಲಿನ ಪುಸ್ತಕ ತೆಗೆದುಕೊಂಡು ಕುಳಿತು ಪ್ರತಿ ಹೆಸರಿಗೂ ಮೂರೇ ಅಂಶ ತುಂಬಿ: ಏನು ಕೊಂಡರು, ಯಾವ ವರ್ಷ ಕೊಂಡರು, ಇರುವುದು ಎಲ್ಲಿ. ನೀರಸ ಕೆಲಸ. ಆದರೆ ಇಡೀ ತಂತ್ರಾಂಶದಲ್ಲಿ ಇದಕ್ಕಿಂತ ಲಾಭದ ಕೆಲಸ ಇನ್ನೊಂದಿಲ್ಲ.

ಯಾಕೆಂದು ನೋಡಿ. ಕಳೆದ ಜೂನ್‌ನಲ್ಲಿ ಅಡಿಕೆ ಸಸಿ ಒಯ್ದವರಿಗೆ ಈ ಮೇಯಲ್ಲಿ ಮತ್ತೆ ‘ಅಡಿಕೆ ಸಸಿ ಸಿದ್ಧವಾಗಿದೆ’ ಎಂದರೆ ಪ್ರಯೋಜನ ಕಡಿಮೆ. ಅವರಿಗೆ ಬೇಕಾದದ್ದು ಸತ್ತ ಸಸಿಗಳ ಜಾಗಕ್ಕೆ ನಾಲ್ಕು ಬದಲಿ ಸಸಿ, ನಡುವೆ ಹಾಕಲು ಬಾಳೆ ಅಥವಾ ಕೊಕ್ಕೊ. ಫಲ ಬರುವ ತೋಟವಿದ್ದವರಿಗೆ ಮರಕ್ಕೆ ಹಬ್ಬಿಸಲು ಮೆಣಸಿನ ಬಳ್ಳಿ. ಒಂದೇ ಮೇ ತಿಂಗಳು, ಮೂರು ಬೇರೆ ಪತ್ರ.

ಕಡಲಬದಿ, ಬೇಕಲ

ನಾವು ಬೇಕಲದಲ್ಲಿ ಹೋಂಸ್ಟೇ ನಡೆಸುವವರು. ನೆಟ್‌ನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ: ಭಾಷೆಯ ಕಲಮು (ಕಾಲಂ). ಈ ಕಾಸರಗೋಡು ಜಿಲ್ಲೆಯಲ್ಲಿ ಅದನ್ನು ಬಿಟ್ಟರೆ ಆಗುವುದಿಲ್ಲ. ನಮ್ಮ ಪಟ್ಟಿಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಇವೆ. ಹೆಸರು ನೋಡಿ ಭಾಷೆ ಊಹಿಸಲು ಹೋಗಬೇಡಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡುವವರು ಶಾಲೆಯಲ್ಲಿ ಕಲಿತದ್ದು ಕನ್ನಡವೂ ಇರಬಹುದು, ಮಲಯಾಳವೂ ಇರಬಹುದು. ಫಾರಂನಲ್ಲೇ ‘ಪತ್ರ ಯಾವ ಭಾಷೆಯಲ್ಲಿ ಬೇಕು’ ಎಂದು ಕೇಳಿಬಿಡಿ. ಹಳಬರಿಗೆ ಮೂರು ಕೊಂಡಿಗಳಿರುವ ಒಂದು ಸಣ್ಣ ಪತ್ರ ಕಳುಹಿಸಿ, ಒತ್ತಿದ ಕೊಂಡಿಯೇ ಟ್ಯಾಗ್ ಆಗುವಂತೆ ಮಾಡಬಹುದು.

ಹೆಸರು ಹಾಕಿ ಕರೆಯುವ ಸೌಲಭ್ಯದ ಬಗ್ಗೆಯೂ ಎಚ್ಚರ. ತಂತ್ರಾಂಶ ಪಾಶ್ಚಾತ್ಯ ಕ್ರಮದಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಒಡೆಯುತ್ತದೆ. ನಮ್ಮಲ್ಲಿ ಇನಿಶಿಯಲ್ ಮೊದಲು ಬರೆಯುವವರು, ಮನೆತನದ ಹೆಸರು ಮೊದಲು ಬರೆಯುವವರು ಇಬ್ಬರೂ ಇದ್ದಾರೆ. ಪರಿಣಾಮ: ‘ನಮಸ್ಕಾರ ಕೆ.,’ ಎಂದು ಆರಂಭವಾಗುವ ಪತ್ರ. ನಾವು ‘ಕರೆಯುವ ಹೆಸರು’ ಎಂದು ಬೇರೆಯೇ ಕಲಮು ಮಾಡಿಕೊಂಡು, ಅದರ ಮುಂದೆ ಬಿಡಿಯಾಗಿ ‘ಅವರೇ’ ಎಂದು ಹಾಕುತ್ತೇವೆ. ಯಾವ ಹೆಸರಿಗೂ ಸಲ್ಲುತ್ತದೆ. ಕಲಮು ಖಾಲಿ ಇದ್ದಲ್ಲಿ ‘ಮಾನ್ಯರೇ’ ಬರುವಂತೆ ಬದಲಿ ಪದ ಕೊಟ್ಟಿದ್ದೇವೆ.

ಹಾಳೆತಟ್ಟೆ, ಪೆರ್ಲ

ವಿಂಗಡಣೆಯ ಮಾತು ಬಂದಾಗ ನಮ್ಮ ಕಸುಬಿನ ಒಂದು ಉದಾಹರಣೆ. 2025ರ ಮೇಯಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಡಿಕೆ ಹಾಳೆಯ ತಟ್ಟೆ ಬಟ್ಟಲುಗಳನ್ನು ಆಹಾರಕ್ಕೆ ಬಳಸಬಾರದು ಎಂದು ಹೇಳಿತು. ಅಂಥ ಸುದ್ದಿ ಬಂದಾಗ ಅಮೆರಿಕದ ಕೊಳ್ಳುವವರಿಗೆ ಒಂದು ವಿವರಣೆ ಹೋಗಬೇಕು, ಉಳಿದ ದೇಶಗಳವರಿಗೆ ಇನ್ನೊಂದು, ಊರಿನ ಮದುವೆ ಗುತ್ತಿಗೆದಾರರಿಗೆ ಏನೂ ಹೋಗಬೇಕಾಗಿಲ್ಲ. ಪಟ್ಟಿಯಲ್ಲಿ ದೇಶದ ಕಲಮು ಇದ್ದದ್ದರಿಂದ ಅದು ಒಂದು ಮಧ್ಯಾಹ್ನದ ಕೆಲಸವಾಯಿತು.

ಹೊರದೇಶಕ್ಕೆ ಕಳುಹಿಸುವವರು ಅಲ್ಲಿನ ಕಾನೂನನ್ನೂ ನೋಡಿಕೊಳ್ಳಬೇಕು. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆಯಂತೆ ಪತ್ರದಲ್ಲಿ ನಿಮ್ಮ ಅಂಚೆ ವಿಳಾಸ ಇರಲೇಬೇಕು, ಬೇಡವೆಂದವರನ್ನು 10 ಕೆಲಸದ ದಿನಗಳೊಳಗೆ ಬಿಡಬೇಕು. ಯುರೋಪಿನ ದತ್ತಾಂಶ ರಕ್ಷಣಾ ಕಾನೂನು ಜಿಡಿಪಿಆರ್ ಇನ್ನೂ ಬಿಗಿ.

ವರ್ಕಾಡಿ ಮಾಸ್ಟರ್

ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇಲ್ಲವೇ?

ಹಾಳೆತಟ್ಟೆ, ಪೆರ್ಲ

ಇದೆ ಮಾಷ್ಟ್ರೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಹಂತಹಂತವಾಗಿ ಜಾರಿಗೆ ಬರುವಂಥವು. ಯಾವ ಉದ್ದೇಶಕ್ಕೆ ವಿಳಾಸ ಪಡೆಯುತ್ತೇವೆ ಎಂದು ತಿಳಿಸಿ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆಯುವುದೂ ಅಷ್ಟೇ ಸುಲಭವಾಗಿರಬೇಕು. ನಿಮಗೆ ಇಷ್ಟವಾಗುವ ಇನ್ನೊಂದು ಅಂಶ: ಆ ಒಪ್ಪಿಗೆಯ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು. ಕನ್ನಡದಲ್ಲಿ ಕೊಡಿ ಎಂದು ಕಾಸರಗೋಡಿನಲ್ಲಿ ಕುಳಿತೂ ಕೇಳಬಹುದು.

ವರ್ಕಾಡಿ ಮಾಸ್ಟರ್

ಅರ್ಜಿ ನಮೂನೆ ಕನ್ನಡದಲ್ಲಿ ಬೇಕೆಂದು ಕಚೇರಿ ಕಚೇರಿ ಅಲೆದ ನಮಗೆ ಇದನ್ನು ಕೇಳಿ ನಗು ಬರುತ್ತದೆ. ಆದರೂ ಒಳ್ಳೆಯ ಮಾತು.

ಸಸಿಮಡಿ, ಬದಿಯಡ್ಕ

ಇಷ್ಟೊಂದು ಬರುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಒಂದು ಸಂದೇಹ. ವರದಿಯಲ್ಲಿ ‘ತೆರೆದವರು’ ಶೇಕಡಾ 40ರ ಹತ್ತಿರ ತೋರಿಸುತ್ತದೆ. ಅಷ್ಟು ಮಂದಿ ತೆರೆದಿದ್ದರೆ ಸ್ಪ್ಯಾಮ್‌ಗೆ ಬಿದ್ದದ್ದು ಹೇಗೆ? ಮತ್ತೊಂದು, ಬೆಂಗಳೂರಿನ ಸ್ನೇಹಿತರು ಲಿಸ್ಟ್‌ಮಂಕ್ ಎಂಬುದನ್ನು ಹಾಕಿಕೋ, ಚಂದಾ ಉಳಿಯುತ್ತದೆ ಎನ್ನುತ್ತಾರೆ.

ನೀರ್ಚಾಲು ನೆಟ್

‘ತೆರೆದವರು’ ಸಂಖ್ಯೆಯನ್ನು ನಂಬಬೇಡಿ. ಪತ್ರದೊಳಗೆ ಕಣ್ಣಿಗೆ ಕಾಣದ ಒಂದು ಚುಕ್ಕಿಯಷ್ಟು ಚಿತ್ರ ಇಟ್ಟಿರುತ್ತಾರೆ, ಅದು ಇಳಿದರೆ ಪತ್ರ ತೆರೆದಂತೆ ಲೆಕ್ಕ. 2021ರ ಸೆಪ್ಟೆಂಬರ್‌ನಲ್ಲಿ ಐಒಎಸ್ 15ರ ಜೊತೆ ಬಂದ ಆಪಲ್‌ನ ಗೋಪ್ಯತಾ ವ್ಯವಸ್ಥೆ, ಓದುಗ ಪತ್ರ ಮುಟ್ಟದಿದ್ದರೂ ಚಿತ್ರಗಳನ್ನು ಮೊದಲೇ ಇಳಿಸಿಕೊಳ್ಳುತ್ತದೆ. ಐಫೋನ್ ಇಟ್ಟುಕೊಂಡು ಅದರ ಮೇಲ್ ಆ್ಯಪ್ ಬಳಸುವ ಕೊಲ್ಲಿ ದೇಶದ ಗಿರಾಕಿಗಳೆಲ್ಲ ನಿಮ್ಮ ವರದಿಯಲ್ಲಿ ನಿಷ್ಠಾವಂತ ಓದುಗರಂತೆ ಕಾಣುತ್ತಾರೆ! ಕೊಂಡಿ ಒತ್ತಿದವರ ಸಂಖ್ಯೆ ಇದಕ್ಕಿಂತ ವಾಸಿ, ಬಂದ ಉತ್ತರಗಳ ಸಂಖ್ಯೆ ಅದಕ್ಕಿಂತ ವಾಸಿ. ‘ಉತ್ತರಿಸಬೇಡಿ’ ಎಂಬ ವಿಳಾಸದಿಂದ ಎಂದೂ ಕಳುಹಿಸಬೇಡಿ. ಮುಂಬಯಿಯವರಂಥ ಗಿರಾಕಿ ‘ನೂರು ಸಸಿ ಬೇಕು, ತಂದು ಹಾಕುತ್ತೀರಾ’ ಎಂದು ಅದೇ ಪತ್ರಕ್ಕೆ ಉತ್ತರ ಬರೆಯಲು ಸಾಧ್ಯವಾಗಬೇಕು.

ಎರಡು ಶೀರ್ಷಿಕೆ ಕಳುಹಿಸಿ ಯಾವುದು ಗೆದ್ದಿತು ಎಂದು ನೋಡುವ ‘ಎ-ಬಿ’ ಪರೀಕ್ಷೆಯೂ ಆರುನೂರು ಮಂದಿಯ ಪಟ್ಟಿಯಲ್ಲಿ ಬರಿಯ ಆಟ. ಆ ಕಡೆ ಹನ್ನೊಂದು, ಈ ಕಡೆ ಎಂಟು ಒತ್ತು ಬಿದ್ದರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ಲಿಸ್ಟ್‌ಮಂಕ್ ಒಳ್ಳೆಯ ಸಾಧನ. ಷೇರು ವ್ಯವಹಾರದ ಕಂಪೆನಿ ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಕಟ್ಟಿದ ಮುಕ್ತ ತಂತ್ರಾಂಶ, ಪೋಸ್ಟ್‌ಗ್ರೆಸ್ ದತ್ತಸಂಚಯದ ಮೇಲೆ ನಡೆಯುತ್ತದೆ, ಚಂದಾ ಇಲ್ಲ. ಆದರೆ ಅದು ಪಟ್ಟಿ ನೋಡಿಕೊಳ್ಳುತ್ತದೆಯೇ ಹೊರತು ಪತ್ರ ಸಾಗಿಸುವ ಸರ್ವರ್ ಬೇರೆ ಬೇಕು. ಅಮೆಜಾನ್‌ನ ಪತ್ರ ಸಾಗಿಸುವ ಸೇವೆ ಎಸ್‌ಇಎಸ್ ಜೋಡಿಸಿದರೆ ಸಾವಿರ ಪತ್ರಕ್ಕೆ 10 ಅಮೆರಿಕನ್ ಸೆಂಟ್. ಕೇಳಲು ಚೆಂದ. ಆರಂಭದಲ್ಲಿ ಅಮೆಜಾನ್ ಪ್ರಯೋಗದ ಅಂಗಳದಲ್ಲೇ ಇಟ್ಟಿರುತ್ತದೆ: ದಿನಕ್ಕೆ 200 ಪತ್ರ, ಅದೂ ಮೊದಲೇ ದೃಢೀಕರಿಸಿದ ವಿಳಾಸಗಳಿಗೆ. ಹೊರಬರಲು ಅರ್ಜಿ ಹಾಕಿ ನಿಮ್ಮ ಪಟ್ಟಿ ಹೇಗೆ ಕೂಡಿಬಂತೆಂದು ವಿವರಿಸಬೇಕು. ಬೌನ್ಸ್ ಏರಿದರೆ ಖಾತೆಯನ್ನೇ ತಡೆಹಿಡಿಯುತ್ತಾರೆ. ಸರ್ವರಿನ ನವೀಕರಣ, ಬ್ಯಾಕಪ್ ನಿಮ್ಮ ತಲೆಗೇ. ಅಣ್ಣನ ಮಗ ಊರಲ್ಲೇ ಇದ್ದು ನೋಡಿಕೊಳ್ಳುವುದಾದರೆ ಸರಿ. ಇಲ್ಲವಾದರೆ ಬೇಡ.

ಉಪ್ಪಳ ಮುದ್ರಣ

ಗಾತ್ರದ ಮಾತು ಯಾರೂ ಎತ್ತಲಿಲ್ಲ. ಪತ್ರ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಅಲ್ಲಿಗೆ ಕತ್ತರಿಸಿ ‘ಪೂರ್ತಿ ನೋಡಿ’ ಎಂದು ಕೊಂಡಿ ಹಾಕುತ್ತದೆ. ಚಿತ್ರಗಳ ತೂಕ ಇದರಲ್ಲಿ ಸೇರುವುದಿಲ್ಲ, ಅಕ್ಷರ ಮತ್ತು ಎಚ್‌ಟಿಎಂಎಲ್ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಚಿಹ್ನೆಗೆ ಮೂರು. ‘ಕಾಸರಗೋಡು’ ಎಂದರೆ ಎಂಟು ಚಿಹ್ನೆ, 24 ಬೈಟ್. ಬರೆದದ್ದು ಮಾಮೂಲಿ ಉದ್ದದ್ದಾದರೆ ಇದರಿಂದಲೇ ಮಿತಿ ದಾಟುವುದಿಲ್ಲ ಬಿಡಿ. ಆದರೆ ವರ್ಡ್‌ನಿಂದ ನಕಲು ಮಾಡಿ ಅಂಟಿಸಿದಾಗ ಪ್ರತಿ ಪದಕ್ಕೂ ಫಾಂಟಿನ ಹೆಸರು, ಬಣ್ಣ, ಅಂತರದ ಕಸ ಸುತ್ತಿಕೊಂಡು ಬರುತ್ತದೆ. ಅದರ ಮೇಲೆ ಕನ್ನಡವೂ ಸೇರಿ ಪತ್ರ ಕಡಿದುಹೋಗುತ್ತದೆ. ಕಡಿದುಹೋದ ಭಾಗದಲ್ಲೇ ಹೊರಹೋಗುವ ಕೊಂಡಿ ಇರುವುದು. ಉಳಿದದ್ದನ್ನು ಮಾಷ್ಟ್ರು ನೋಡಿಕೊಳ್ಳುತ್ತಾರೆ. ನೋಟ್‌ಪ್ಯಾಡ್‌ಗೆ ಒಮ್ಮೆ ಅಂಟಿಸಿ, ಅಲ್ಲಿಂದ ಎತ್ತಿ ಹಾಕಿ.

ಕಡಲಬದಿ, ಬೇಕಲ

ಸಸಿಮಡಿಯವರೇ, ನಿಮ್ಮ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಹ ಸೌಲಭ್ಯ ಇನ್ನೊಂದಿದೆ, ಆಟೊಮೇಷನ್. ಕೊಂಡ ದಿನಾಂಕದಿಂದ ಲೆಕ್ಕ ಹಿಡಿದು ತಾನಾಗಿ ಹೋಗುವ ಪತ್ರಗಳು. ಹೋಂಸ್ಟೇಯಲ್ಲಿ ಅತಿಥಿ ಬರುವ ಮೊದಲು ದಾರಿ, ರೈಲು, ಕೋಟೆಯ ಸಮಯ ತಿಳಿಸುವ ಪತ್ರ ಹೋಗುತ್ತದೆ. ಅದನ್ನು ಓದದೆ ಬರುವವರೇ ಇಲ್ಲ. ಸಸಿ ಕೊಂಡವರಿಗೂ ಹಾಗೆಯೇ ಬರೆಯಬಹುದಲ್ಲವೇ?

ಸಸಿಮಡಿ, ಬದಿಯಡ್ಕ

ಅದು ಈಗಲೇ ಕಣ್ಣಿಗೆ ಕಟ್ಟುತ್ತಿದೆ. ಜೂನ್‌ನಲ್ಲಿ ಅಡಿಕೆ ಸಸಿ ಒಯ್ದವರಿಗೆ ಮರುದಿನವೇ ಗುಂಡಿಯ ಅಳತೆ, ನೆಡುವ ಆಳ, ನೀರು ನಿಲ್ಲದಂತೆ ಚರಂಡಿ. ಆಗಸ್ಟ್‌ನಲ್ಲಿ ಕಳೆ ಮತ್ತು ಬುಡದ ಮಣ್ಣು. ನವೆಂಬರ್ ಕೊನೆಗೆ ಎಳೆಸಸಿಗೆ ಪಡುವಣ ಬಿಸಿಲಿನಿಂದ ನೆರಳು, ಬುಡಕ್ಕೆ ಸೊಪ್ಪಿನ ಹೊದಿಕೆ. ಫಲ ಬರುವ ತೋಟದವರಿಗೆ ಮೇ ಕೊನೆಯಲ್ಲಿ ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೊ ದ್ರಾವಣ, ಅದಾಗಿ 40–45 ದಿನಕ್ಕೆ ಎರಡನೇ ಸಿಂಪಡಣೆಯ ನೆನಪು. ಬಳ್ಳಿ ಒಯ್ದವರಿಗೆ ಸೊರಗು ರೋಗದ ಲಕ್ಷಣ. ಈ ಮಾತುಗಳನ್ನು ನಾನು ದಿನಕ್ಕೆ ಹತ್ತು ಸಲ ಫೋನಿನಲ್ಲಿ ಹೇಳುತ್ತೇನೆ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಸಲಹೆಗಳ ಕೊಂಡಿಯನ್ನೂ ಸೇರಿಸಬಹುದು.

ಮುಂಬಯಿವಾಸಿ, ಮಂಜೇಶ್ವರ

ಬೋರ್ಡೊ ನೆನಪಿಸುವ ಪತ್ರ ಬರುವುದಾದರೆ ನನ್ನ ವಿಳಾಸ ಇವತ್ತೇ ಸೇರಿಸಿಕೊಳ್ಳಿ. ದೀಪಾವಳಿಯ ಶುಭಾಶಯ ಬೇಡ.

ನೀರ್ಚಾಲು ನೆಟ್

ಅಲ್ಲಿಗೆ ಕೃತಕ ಬುದ್ಧಿಮತ್ತೆಯ ಗುಂಡಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಮೇಲಿನ ಐದಾರು ಸಾಲುಗಳನ್ನು ಬದಿಯಡ್ಕದ ಮಳೆ ಗೊತ್ತಿಲ್ಲದ ಗುಂಡಿ ಬರೆದುಕೊಡುವುದಿಲ್ಲ.

ಹೊಸ ವಿಳಾಸದಿಂದ ಒಮ್ಮೆಲೇ ಎಲ್ಲರಿಗೂ ಕಳುಹಿಸಬೇಡಿ. ಇತ್ತೀಚೆಗೆ ಕೊಂಡವರಿಗೆ, ಉತ್ತರ ಬರೆದವರಿಗೆ ಮೊದಲು. ದೂರು, ಬೌನ್ಸ್ ನೋಡಿಕೊಂಡು ವಾರವಾರ ಹೆಚ್ಚಿಸಿ. ಕೃಷಿಮೇಳದ ಪುಸ್ತಕದವರಿಗೆ ‘ಪತ್ರ ಮುಂದುವರಿಸಲೇ’ ಎಂದು ಒಮ್ಮೆ ಕೇಳಿ, ಒತ್ತದವರನ್ನು ಬಿಟ್ಟುಬಿಡಿ.

ಸಸಿಮಡಿ, ಬದಿಯಡ್ಕ

ಅಣ್ಣನ ಮಗನ ಸಹಾಯದಿಂದ ಡಿಎನ್‌ಎಸ್ ಪುಟ ತೆರೆದೆವು. ಜಾಲತಾಣದ ಕಂಪೆನಿಯವರು ಹಾಕಿದ ಎಸ್‌ಪಿಎಫ್ ಸಾಲು ಒಂದು ಅಲ್ಲಿತ್ತು. ಅದರ ಕೆಳಗೆ ತಂತ್ರಾಂಶದವರು ಕೊಟ್ಟದ್ದನ್ನೂ ಸೇರಿಸಿದೆವು. ಪರೀಕ್ಷಿಸಿದರೆ ‘ಪರ್ಮ್‌ಎರರ್’ (ದಾಖಲೆಯಲ್ಲೇ ದೋಷ) ಎನ್ನುತ್ತದೆ.

ನೀರ್ಚಾಲು ನೆಟ್

ಒಂದು ಡೊಮೇನಿಗೆ ಎಸ್‌ಪಿಎಫ್ ಸಾಲು ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಹಳೆಯ ಸಾಲಿನೊಳಗೆ, ಕೊನೆಯ ‘ಆಲ್’ ಪದಕ್ಕಿಂತ ಮೊದಲು, ತಂತ್ರಾಂಶದವರ ‘ಇನ್‌ಕ್ಲೂಡ್’ ಭಾಗವನ್ನು ಮಾತ್ರ ಸೇರಿಸಿ ಎರಡನೆಯದನ್ನು ಅಳಿಸಿ. ಇಂಥ ಹುಡುಕಾಟದ ಉಲ್ಲೇಖಗಳು ಒಟ್ಟು ಹತ್ತನ್ನು ಮೀರಬಾರದು. ಹಿಂದೆ ಯಾವಾಗಲೋ ಹಾಕಿ ಬಿಟ್ಟ ಸೇವೆಗಳಿದ್ದರೆ ತೆಗೆದುಹಾಕಿ.

ಬಳಿಕ ನಿಮ್ಮದೇ ಜಿಮೇಲಿಗೆ ಒಂದು ಪರೀಕ್ಷಾ ಪತ್ರ ಕಳುಹಿಸಿ. ಮೊಬೈಲಿನಲ್ಲಿ ಬೇಡ, ಕಂಪ್ಯೂಟರಿನಲ್ಲಿ ತೆರೆದು, ಮೂರು ಚುಕ್ಕಿ ಒತ್ತಿ ‘ಮೂಲ ತೋರಿಸು’ ನೋಡಿ. ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರರ ಎದುರೂ ‘ಪಾಸ್’ ಇರಬೇಕು. ಡಿಕೆಐಎಂ ಎದುರಿನ ಡೊಮೇನ್ ಹೆಸರನ್ನು ಅಕ್ಷರ ಬಿಡದೆ ಓದಿ. ಅಲ್ಲಿ ತಂತ್ರಾಂಶ ಕಂಪೆನಿಯ ಹೆಸರು ಕಂಡರೆ ದೃಢೀಕರಣ ಇನ್ನೂ ಮುಗಿದಿಲ್ಲ ಎಂದರ್ಥ, ನಿಮ್ಮ ನರ್ಸರಿಯ ಡೊಮೇನೇ ಇರಬೇಕು. ತೆರೆಯ ಚಿತ್ರ ತೆಗೆದು ಇಲ್ಲಿ ಹಾಕಿ, ನೋಡುತ್ತೇನೆ. ವಿಳಾಸಗಳನ್ನು ಮಸುಕು ಮಾಡಿ ಹಾಕಿ.